ನಲವತ್ತನೆಯ ಮರದ ಹೆಸರು

ನನ್ನನ್ನು ನೋಡಲು ಬಂದ ದಿನ ಅತ್ತೆ ಹಾಡು ಹೇಳು ಅನ್ನಲಿಲ್ಲ, ಅಡುಗೆ ಬರುತ್ತದೆಯೇ ಎಂದೂ ಕೇಳಲಿಲ್ಲ. ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು ನಮ್ಮ ಹಿತ್ತಲಿಗೆ ಬಂದರು. ದೂರದ ಹೊಲದ ಕಡೆ ಬೊಟ್ಟು ಮಾಡಿ, "ಅಲ್ಲಿ ಬದುವಿನ ಮ್ಯಾಲ ಎಮ್ಮಿ ಮೇಯಾಕತ್ತೈತಲ್ಲವಾ, ಅದನ್ನ ಒಂದೀಟ ಕರಿ ನೋಡೂಣು" ಎಂದರು. ಹುಡುಗಿಯ ಗಂಟಲನ್ನು ಹೀಗೆ ಪರೀಕ್ಷೆ ಮಾಡುವವರನ್ನು ನಾನು ಕಂಡಿರಲಿಲ್ಲ. ಆದರೂ ಕರೆದೆ. ಎಮ್ಮೆ ತಲೆಯೆತ್ತಿತು. ಎಮ್ಮೆಯಾಚೆ ಕಳೆ ತೆಗೆಯುತ್ತಿದ್ದ ನಾಲ್ಕು ಮಂದಿಯೂ ತಲೆಯೆತ್ತಿದರು. ಅತ್ತೆ ಅಲ್ಲಿಂದಲೇ ಒಳಗೆ ಕೂಗಿ, "ಹೆಣ್ಣ ಒಪ್ಪಿಗಿ ಐತಿ, ತಾಂಬೂಲ ತರ್‍ರಿ" ಎಂದುಬಿಟ್ಟರು. ವರನ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ.

ಯಾಕೆ ಹಾಗೆ ಎನ್ನುವುದು ಮದುವೆಯಾಗಿ ಅವರ ಊರಿಗೆ ಕಾಲಿಟ್ಟ ಮೇಲೆ ತಿಳಿಯಿತು. ಅದು ಬಸ್ಸು ತಿರುಗಿಕೊಳ್ಳುವ ಕೊನೆಯ ನಿಲ್ದಾಣದಿಂದ ಮುಂದೆ ಅರ್ಧ ದಿನ ನಡೆದರೆ ಸಿಗುವ ಊರು. ನೂರಾ ಹನ್ನೆರಡು ಮನೆ. ಊರಿನ ಬೆನ್ನಿಗೆ ಕಾಡು. ಆ ಕಾಡಿನ ಒಂದೊಂದು ಮರಕ್ಕೂ ಒಂದೊಂದು ಹೆಸರಿದೆ, ಒಂದೊಂದು ಮನೆಗೂ ನಲವತ್ತು ಮರ. ಅಮಾವಾಸ್ಯೆಯ ಬೆಳಗ್ಗೆ ಮನೆಯ ಹೆಂಗಸು ಹೋಗಿ ತನ್ನ ನಲವತ್ತನ್ನೂ ಹೆಸರು ಹಿಡಿದು ಕರೆಯಬೇಕು. ಕರೆದರೆ ಮರ ಒಂದು ಎಲೆ ಉದುರಿಸುತ್ತದೆ. ಗಾಳಿ ಇರಲಿ ಇಲ್ಲದಿರಲಿ, ಒಂದೇ ಎಲೆ, ಕರೆದವಳ ಕಾಲಬುಡಕ್ಕೇ. ಎಲೆಯಿಲ್ಲದ ತಿಂಗಳಲ್ಲಿ ತೊಗಟೆಯ ಚೂರೋ ಒಣ ಕಡ್ಡಿಯೋ ಬೀಳುತ್ತದೆ. ಮೂರು ಅಮಾವಾಸ್ಯೆ ಕರೆಯದೆ ಬಿಟ್ಟ ಮರ, ಮೂರನೆಯದರ ನಡುಮಧ್ಯಾಹ್ನ ನೆರಳು ಬುಡಕ್ಕೆ ಬರುವ ಹೊತ್ತಿಗೆ, ಎದ್ದು ಹೊರಟುಹೋಗುತ್ತದೆ. ಆಮೇಲೆ ಅಲ್ಲಿ ಒಂದು ಗುಂಡಿ ಉಳಿದಿರುತ್ತದೆ. ವರ್ಷವೋ ಎರಡು ವರ್ಷವೋ ಬಿಟ್ಟು ಯಾರಾದರೂ ನೆಂಟರು ಬಂದು, ನಿಮ್ಮ ಊರಿನ ಹೊನ್ನೆಮರ ನಮ್ಮ ಕೆರೆ ದಂಡೆಯಲ್ಲಿ ನಿಂತಿದೆಯಲ್ಲ ಎಂದು ಸುದ್ದಿ ಹೇಳುತ್ತಾರೆ. ಅಂಥ ಸುದ್ದಿ ಕೇಳಿದ ಮನೆಯಲ್ಲಿ ಆ ದಿನ ಒಲೆ ಹೊತ್ತಿಸುವುದಿಲ್ಲ.

ಇದರ ಜೊತೆ ಊರು ಹೇಗೋ ಹೊಂದಿಕೊಂಡಿತ್ತು. ಹೆರಿಗೆಗೆ ತವರಿಗೆ ಹೋದವರು ಕೂಸನ್ನು ಕಟ್ಟಿಕೊಂಡು ಅಮಾವಾಸ್ಯೆಗೆ ಬಂದು ಕರೆದು ಹೋಗುತ್ತಿದ್ದರು. ಗಂಟಲು ಕೆಡಬಾರದೆಂದು ಐಸ್‌ಕ್ಯಾಂಡಿ ಮಾರುವವನು ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗಲೇ ಊರು ಬಿಡಬೇಕು, ಇಲ್ಲವಾದರೆ ಹೆಂಗಸರು ಅವನ ಸೈಕಲ್ಲಿನ ಗಾಳಿ ಬಿಡುತ್ತಿದ್ದರು. ಉಳಿದದ್ದನ್ನೆಲ್ಲ ಅರಣ್ಯ ಸಮಿತಿ ನೋಡಿಕೊಳ್ಳುತ್ತಿತ್ತು. ಒಣಗಿ ಬಿದ್ದ ಕಟ್ಟಿಗೆಯನ್ನು ಸೋಮವಾರ ಮಾತ್ರ ತರಬೇಕು. ಜೇನು ಇಳಿಸಿದರೆ ಮೂರರಲ್ಲಿ ಒಂದು ಪಾಲು ಹುಳಕ್ಕೆ ಬಿಡಬೇಕು. ಬೇಸಿಗೆ ಬರುವ ಮುಂಚೆ ಮನೆಗೊಬ್ಬರಂತೆ ಸೇರಿ ಕಾಡಿನ ಸುತ್ತ ಹತ್ತು ಮಾರು ಅಗಲಕ್ಕೆ ತರಗೆಲೆ ಗುಡಿಸಿ ಬೆಂಕಿಗೆ ದಾರಿ ಕಟ್ಟಬೇಕು. ಯಾವ ಮರವನ್ನು ಯಾವ ಮನೆ ಕರೆಯುತ್ತದೆಯೋ ಅದರ ಹಣ್ಣು, ಜೇನು, ಒಣ ಟೊಂಗೆ ಆ ಮನೆಗೆ. ಹಾಗಾಗಿ ಇನ್ನೊಬ್ಬರ ಮರವನ್ನು ಕರೆಯುವುದು ಕಳ್ಳತನಕ್ಕಿಂತ ಕಡೆ. ಆ ಊರಿನಲ್ಲಿ ಸಿಟ್ಟು ನೆತ್ತಿಗೇರಿದಾಗ ಬೈಯುವ ಬೈಗುಳವೇ "ಮಂದಿ ಗಿಡ ಕರಿಯಾಕಿ" ಎಂಬುದು. ಅದಕ್ಕಿಂತ ಮೇಲಿನ ಬೈಗುಳ ನಾನು ಅಲ್ಲಿ ಕೇಳಿಲ್ಲ.

ನಮ್ಮ ಪಾಲಿನ ನಲವತ್ತನೆಯದು ದೊಡ್ಡ ಮತ್ತಿಮರ. ಮೂರು ಜನ ಕೈಕೈ ಹಿಡಿದರೂ ತಬ್ಬಲಾಗದ ಬುಡ. ಅದರ ಬೇರಿನ ಸಂದಿಯಿಂದಲೇ ಊರಿಗೆ ಕುಡಿಯುವ ನೀರಿನ ಒರತೆ ಹೊರಡುತ್ತದೆ. ಅದರ ಹಿಂದಿನ ಇಳಿಜಾರನ್ನು ಸಮಿತಿ ಐದು ವರ್ಷದ ಹಿಂದೆ ಮುಚ್ಚಿತ್ತು. ಆಡು ಬಿಡುವ ಹಾಗಿಲ್ಲ, ಕುಡುಗೋಲು ಹಿಡಿದು ಹೋಗುವ ಹಾಗಿಲ್ಲ. ಮುಚ್ಚಿದ ಮೊದಲ ವರ್ಷ ಆಡಿನವರು ಸಮಿತಿಯವರ ಮುಖ ನೋಡುತ್ತಿರಲಿಲ್ಲವಂತೆ, ಎರಡನೆಯ ವರ್ಷ ಅವರೇ ಸರದಿಯಲ್ಲಿ ಕಾವಲು ಕೂತರಂತೆ. ಈಗ ಅಲ್ಲಿ ಮತ್ತಿಯ ಮೂವತ್ತಮೂರು ಮರಿಗಳು ಎದೆಯೆತ್ತರ ಬೆಳೆದಿದ್ದವು. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಅವಕ್ಕೆಲ್ಲ ಹೆಸರಿಟ್ಟು ಒಂದಷ್ಟು ಮನೆಗಳಿಗೆ ಹಂಚುವುದೆಂದು ಗೊತ್ತಾಗಿತ್ತು. ಹೆಸರಾಗದ ಸಸಿಗಳು ತಾಯಿಮರ ಹೋದಲ್ಲಿ ಹಿಂದೆಯೇ ಹೋಗುತ್ತವೆ ಎಂಬುದು ಅಲ್ಲಿನ ಕೂಸುಗಳಿಗೂ ಗೊತ್ತು.

ಇಷ್ಟು ಹೇಳಿದ ಮೇಲೆ ಆ ಮತ್ತಿಯ ಹೆಸರನ್ನೂ ಹೇಳಬೇಕಲ್ಲ! ಅಲ್ಲೇ ಇರುವುದು ತೊಡಕು. ನಮ್ಮ ಮನೆಯವರು ಹುಟ್ಟಿದ್ದು ಆ ಮರದ ಬುಡದಲ್ಲಿ. ನೀರಿಗೆ ಹೋದ ಅತ್ತೆಗೆ ಅಲ್ಲಿಯೇ ನೋವು ಬಂದು ಅಲ್ಲಿಯೇ ಹೆರಿಗೆಯಾಯಿತು. ಮರದ ಹೆಸರನ್ನೇ ಮಗನಿಗೆ ಇಟ್ಟರು. ಅಂದರೆ ಮರದ ಹೆಸರು ನನ್ನ ಗಂಡನ ಹೆಸರು. ನಾನು ಅದನ್ನು ಬಾಯಲ್ಲಿ ಆಡಿದವಳಲ್ಲ.

ಗಂಡನ ಹೆಸರು ಹೇಳದವರು ನಾನೊಬ್ಬಳೇ ಏನಲ್ಲ. ಆದರೆ ಬೇರೆಯವರಿಗೆ ಅದು ನಾಚಿಕೆ, ನನಗೆ ಅಂಜಿಕೆ. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪನಿಗೆ ಜ್ವರ ಏರಿ ಪಟ್ಟಣದ ಆಸ್ಪತ್ರೆಗೆ ಒಯ್ದಿದ್ದೆವು. ಚೀಟಿ ಬರೆಯುವಾಕೆ ರೋಗಿಯ ಹೆಸರು ಕೇಳಿದಳು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ನಾನು ಎಲ್ಲೋ ನೋಡುತ್ತಿದ್ದೆ. ಕೊನೆಗೆ ಅವ್ವನೇ ಹೇಳಿದಳು, ಒಂದೇ ಸಲ, ಗಟ್ಟಿಯಾಗಿ. ಮೂರನೆಯ ದಿನ ಅಪ್ಪ ತೀರಿಹೋದ. ಜ್ವರದಿಂದ ಹೋದ, ಹೆಸರಿನಿಂದಲ್ಲ, ಇಷ್ಟು ನನಗೂ ತಿಳಿಯುತ್ತದೆ. ತಿಳಿದರೂ ನಾಲಿಗೆ ಏಳುವುದಿಲ್ಲ, ಏನು ಮಾಡಲಿ?

ಮದುವೆಯಾಗಿ ಒಂದು ವರ್ಷ ಇದಾವುದರ ಗೊಡವೆಯೂ ಇರಲಿಲ್ಲ. ಅತ್ತೆ ಮಾಯವ್ವನವರ ಗಂಟಲೆಂದರೆ ಗಂಟಲು. ಮಗನ ಹೆಸರು ಹೇಳಲು ತಾಯಿಗೇನು ಅಡ್ಡಿ? ನಲವತ್ತನ್ನೂ ಒಂದೇ ಉಸಿರಿಗೆ ಕರೆದು ಮಡಿಲು ತುಂಬ ಎಲೆ ತರುತ್ತಿದ್ದರು. ಯುಗಾದಿ ಮುಗಿದ ವಾರ ಅವರ ಧ್ವನಿ ಒಡೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಪಿಸುಗುಡಲೂ ಆಗದೆ ಹೋಯಿತು. ವೈದ್ಯರು ಗಂಟಲು ನೋಡಿ, ಜೀವಕ್ಕೆ ಏನೂ ಭಯವಿಲ್ಲ, ಧ್ವನಿ ಮಾತ್ರ ಇನ್ನು ಬರುವುದಿಲ್ಲ ಎಂದರು. ಅತ್ತೆ ಮನೆಗೆ ಬಂದವರೇ ನನ್ನ ಕೈಗೆ ಎಲೆಬುಟ್ಟಿ ಕೊಟ್ಟು, ಬೆನ್ನು ಸವರಿ, ಕಾಡಿನ ಕಡೆ ಕೈ ತೋರಿಸಿದರು.

ಮೊದಲ ಅಮಾವಾಸ್ಯೆ ನಾನು ಎಷ್ಟು ಉಬ್ಬಿ ಹೋಗಿದ್ದೆನೆಂದರೆ, ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸಿದೆ. "ದುಂಡವ್ವಾ!" ಎಂದೆ, ಧೂಪದ ಮರ ಎಲೆ ಹಾಕಿತು. "ಗೂನಬೆನ್ನ ಫಕೀರಪ್ಪಾ!" ಎಂದೆ, ನೆಲ್ಲಿಮರ ಎಲೆ ಹಾಕಿತು. ನನ್ನ ಧ್ವನಿಗೆ ಒಂದು ಕಾಡು ಓಗೊಡುತ್ತಿದೆಯಲ್ಲ ಎಂದು ಮೈಯೆಲ್ಲ ರೋಮಾಂಚನ. ಮೂವತ್ತೊಂಬತ್ತು ಆಗಿ ಮತ್ತಿಯ ಮುಂದೆ ನಿಂತೆ ನೋಡಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಸುತ್ತ ನೋಡಿ ಮೆಲ್ಲಗೆ, "ರೀ..." ಎಂದೆ. ಮರ ಸುಮ್ಮನಿತ್ತು. ಸ್ವಲ್ಪ ಗಟ್ಟಿಯಾಗಿ, "ಏನ್ರೀ, ನಿಮ್ಮನ್ನ" ಎಂದೆ. ದೂರದಲ್ಲಿ ಬೆಂಕಿದಾರಿಯ ಮೇಲೆ ಮತ್ತೆ ಬಿದ್ದ ತರಗೆಲೆ ಗುಡಿಸುತ್ತಿದ್ದ ನಮ್ಮ ಮನೆಯವರು ಪೊರಕೆ ಹಿಡಿದು ಓಡಿಬಂದರು. "ಏನಾತ, ಹಾವೇನ?" ಎಂದರು. "ಏನಿಲ್ಲ, ನೀವ ಹೋಗ್ರಿ" ಎಂದು ಕಳಿಸಿದೆ.

ಆಮೇಲೆ ಮಾಡಿದ ಕೆಲಸ ಹೇಳಲು ನನಗೆ ಇವತ್ತಿಗೂ ನಾಚಿಕೆ. ನೆಲದ ಮೇಲೆ ಬಿದ್ದಿದ್ದ ಒಂದು ಮತ್ತಿ ಎಲೆಯನ್ನು ಆರಿಸಿ ಬುಟ್ಟಿಗೆ ಹಾಕಿಕೊಂಡೆ. ಹಾಜರಿ ಪುಸ್ತಕ ಬರೆಯುವ ಟಪಾಲಿನ ತಿಪ್ಪಣ್ಣ ಕಾಕಾ ಊರಬಾಗಿಲಲ್ಲಿ ಕೂತು ಒಬ್ಬೊಬ್ಬರ ಎಲೆ ಎಣಿಸುತ್ತಿದ್ದರು. "ನಲವತ್ತ. ಶಬ್ಬಾಸ್ ಸಾವಂತ್ರಿ, ಅತ್ತಿ ಹೆಸರ ಉಳಿಸಿದಿ" ಎಂದು ನನ್ನ ತಲೆ ನೇವರಿಸಿದರು. ಎರಡನೆಯ ಅಮಾವಾಸ್ಯೆಗೂ ಅದೇ ಹಾಡು. ಇನ್ನೊಂದು ಸುಳ್ಳು ಎಲೆ, ಇನ್ನೊಂದು ಶಬ್ಬಾಸ್.

ಅದಾದ ಹದಿನಾಲ್ಕನೆಯ ದಿನ ಒರತೆಗೆ ನೀರಿಗೆ ಹೋದೆ. ಮತ್ತಿಯ ಬುಡದ ಸುತ್ತ ಮಣ್ಣು ಬಳೆಯ ಹಾಗೆ ದುಂಡಗೆ ಬಿರುಕು ಬಿಟ್ಟಿತ್ತು. ಕೊಡ ಕೈ ಜಾರಿತು. ಇದು ಹೊರಡಲು ಸಜ್ಜಾಗುತ್ತಿದೆ! ಹೋದರೆ ನೀರು ಹೋಯಿತು, ಮೂವತ್ತಮೂರು ಸಸಿ ಹೋದವು, ಆಡಿನವರು ಹೊಟ್ಟೆ ಕಟ್ಟಿ ಕಾದ ಐದು ವರ್ಷ ಹೋಯಿತು, ಎಲ್ಲ ನನ್ನೊಬ್ಬಳ ಬಾಯಿಂದ. ನಾನು ಖಾಲಿ ಕೊಡವನ್ನು ಅಲ್ಲಿಯೇ ಬಿಟ್ಟು ಓಡಿದೆ.

ನೇರ ಹೋದದ್ದು ಹುಸೇನಬಿ ಅಕ್ಕನ ಮನೆಗೆ. ಅವಳು ಸಮಿತಿಯ ಅಧ್ಯಕ್ಷೆ. ಬೀಡಿ ಎಲೆ ಕಟ್ಟುತ್ತ ಕೂತಿದ್ದಳು. ನಾನು ಅಳುತ್ತ ಎಲ್ಲವನ್ನೂ ಒದರಿದೆ. "ಎರಡ ಅಮಾಸಿ?" ಎಂದಳು. ಹೌದೆಂದೆ. "ನಿನ್ನ ಬಾಯಿಗೆ ಬೂದಿ ಬೀಳ್ಲಿ" ಎಂದು ಬೈದು, ಅದೇ ಉಸಿರಿಗೆ ನನ್ನ ಕಣ್ಣು ಒರೆಸಿ, ಮಂದಿಯನ್ನು ಕೂಡಿಸಲು ಹಲಗೆ ಬಡಿಸಿದಳು.

ಸಭೆ ಬೇವಿನ ಕಟ್ಟೆಯ ಮೇಲೆ ಸೇರಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೆ ಆ ಊರಿನ ಮಂದಿ ಬೈಯುವುದನ್ನು ಬೇಗ ಮುಗಿಸಿ ಉಪಾಯಕ್ಕೆ ಬಿದ್ದರು. ಹೆಸರು ಹೇಳಿದರೆ ಯಾರೂ ಸಾಯುವುದಿಲ್ಲ, ಹೇಳಿಬಿಡು ಅಂದವರು ಕೆಲವರು. ನಾನು ಬಾಯಿ ತೆರೆದೆ, ಗಾಳಿ ಬಂತು, ಹೆಸರು ಬರಲಿಲ್ಲ. ತಿಪ್ಪಣ್ಣ ಕಾಕಾ ಕನ್ನಡಕ ಸರಿಮಾಡಿಕೊಂಡು ಎದ್ದರು. "ಗಿಡದ ಹೆಸರ ಬದಲಿ ಮಾಡಾಕ ಬರಂಗಿಲ್ಲ, ಅದ ನಮ್ಮ ಅಜ್ಜನ ಅಜ್ಜಗಿಂತ ಹಿಂದಿಂದ. ಗಂಡನ ಹೆಸರ ಬದಲಿ ಮಾಡೂಣು. ಗಂಡ ಬೇರೆ ಹೆಸರಿನಾಂವ ಆದ್ರ ಆ ಹೆಸರ ಬರೇ ಗಿಡದ್ದಾಗತೈತಿ, ಹೌದಲ್ಲ?"

"ಒಂದ ಮಾತ ನನ್ನ ಕೇಳ್ತೀರೇನಪ" ಎಂದರು ನಮ್ಮ ಮನೆಯವರು ಹಿಂದಿನ ಸಾಲಿನಿಂದ. ಯಾರೂ ಕೇಳಲಿಲ್ಲ. ಅವತ್ತಿನಿಂದ ಅವರು ಮಲ್ಲೇಶಿ ಆದರು.

ಆ ಹದಿನೈದು ದಿನದ ಫಜೀತಿ ಕೇಳಬೇಡಿ. ಮಲ್ಲೇಶಿ ಎಂದು ಕರೆದರೆ ಅವರೂ ಎಲ್ಲರ ಜೊತೆ ಮಲ್ಲೇಶಿ ಎಲ್ಲಿದ್ದಾನೆ ಎಂದು ತಿರುಗಿ ನೋಡುತ್ತಿದ್ದರು. ಜೇನು ಇಳಿಸುವಾಗ ಕೆಳಗಿನವರು "ಮಲ್ಲೇಶಿ, ಹುಳ ಎದ್ದಾವು!" ಎಂದು ಕೂಗಿದರು. ಇವರು ಆರಾಮಾಗಿ ಟೊಂಗೆಯ ಮೇಲೆ ಕೂತಿದ್ದರು. ಸಂಜೆ ಮುಖ ಬುಂದಿಲಾಡಿನ ಹಾಗೆ ಊದಿಕೊಂಡು ಮನೆಗೆ ಬಂದರು. ನಾನು ಸುಣ್ಣ ಹಚ್ಚುತ್ತ ನಗಲೂ ಆಗದೆ ಅಳಲೂ ಆಗದೆ ಕೂತೆ. ಹೆಸರು ಬದಲಾಯಿತು, ಗಂಡ ಅವರೇ ಉಳಿದರು, ನನ್ನ ಅಂಜಿಕೆಯೂ ಉಳಿಯಿತು.

"ಅಲ್ಲ ಸಾವಂತ್ರಿ, ನನ್ನ ಸಾವು ನಿನ್ನ ಬಾಯಾಗ ಐತೇನ? ಒಮ್ಮಿ ಅಂದ ನೋಡ" ಎಂದರು ಊದಿದ ತುಟಿಯಲ್ಲಿ.

"ನಮ್ಮವ್ವನೂ ಒಮ್ಮಿನ ಅಂದಿದ್ದಳ್ರಿ" ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಈ ಮನುಷ್ಯ ನನಗೆ ಎಷ್ಟು ಬೇಕಾದವನು ಎಂದು ಆ ಹೊತ್ತಿನಲ್ಲಿ ತಿಳಿದು ಹೆದರಿಕೆ ಇನ್ನಷ್ಟು ಹೆಚ್ಚಿತು.

ಬೇರೆ ಯಾರಾದರೂ ಕರೆಯಲಿ ಎಂದು ಒಬ್ಬರೂ ಬಾಯಿಬಿಡಲಿಲ್ಲ. ನಾನೇ ಒಂದು ದಿನ ಹುಸೇನಬಿ ಅಕ್ಕನಿಗೆ, ನೀನೇ ಕರಿ, ನಮ್ಮ ಮನೆಯ ಪಾಲು ಹೋದರೆ ಹೋಗಲಿ ಎಂದಿದ್ದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ನಲವತ್ತ ವರ್ಷ ಮಾಯವ್ವನ ಮಗ್ಗಲ ಮನಿಯಾಗ ಬಾಳೇ ಮಾಡೀನಿ. ಆಕಿ ಗಿಡ ನಾ ಕರೀಲೇನ? ಅದೂ ಅಲ್ಲದ ಮಂದಿ ಮನಿ ಧ್ವನಿಗೆ ಗಿಡ ತಿರಗತೈತಿ ಅಂತ ಯಾರ ನೋಡ್ಯಾರ?" ಹೌದು, ಯಾರೂ ನೋಡಿರಲಿಲ್ಲ. ಯಾಕೆಂದರೆ ಯಾರೂ ಕರೆದೇ ಇರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮುಂಗಾರು ಎರಡು ಸಲ ಹೊಡೆದು ಕಾಡು ಕಣ್ಣಿಗೆ ರಾಚುವಷ್ಟು ಹಸಿರಾಗಿತ್ತು. ಊರಿಗೆ ಊರೇ ಮತ್ತಿಯ ಕೆಳಗೆ ನೆರೆಯಿತು. ಮೂವತ್ತಮೂರು ಸಸಿಗೂ ಅರಿಶಿನದ ದಾರ ಕಟ್ಟಿದ್ದರು. ನಡುವಿನ ಸಸಿಯ ಪಕ್ಕದಲ್ಲಿ ಬಿದಿರಿನ ತೊಟ್ಟಿಲು ತೂಗುಬಿಟ್ಟು, ಅದರಲ್ಲಿ ಹೆಸರಿನ ಚೀಟಿಗಳನ್ನು ಇಟ್ಟಿದ್ದರು. ದೊಡ್ಡ ಹರಿವಾಣದ ತುಂಬ ಗುಗ್ಗರಿ. ಹಲಗೆಯವರು ಬಡಿದೂ ಬಡಿದೂ ಸೋತ ಕೈ ಕೊಡವಿಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಎಲ್ಲರೂ ವಾರೆಗಣ್ಣಿನಿಂದ ನನ್ನನ್ನು ನೋಡುತ್ತಿದ್ದರು. ನನ್ನ ಮೂವತ್ತೊಂಬತ್ತು ಆಗಲೇ ಮುಗಿದಿದ್ದವು.

ಮರದ ಕಡೆ ಹೆಜ್ಜೆ ಇಟ್ಟೆನೋ ಇಲ್ಲವೋ, ಹುಸೇನಬಿ ಅಕ್ಕ ಅಡ್ಡ ಬಂದು ಎರಡೂ ಕೈ ಚಾಚಿದಳು. ಅವಳ ಹಿಂದೆ ಹೆಂಗಸರ ಗೋಡೆಯೇ ನಿಂತಿತು. "ತೊಟ್ಟಿಲ ಕಾರ್ಯೇಕ ಬಂದಾಕಿ ಒಡಪ ಹೇಳದ ಒಳಗ ಬರಂಗಿಲ್ಲ" ಎಂದಳು. ಪದ ಕಟ್ಟಿ, ಪ್ರಾಸ ಹಾಕಿ, ಕೊನೆಯ ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳುವುದು ಒಡಪು. ಸೀಮಂತ, ತೊಟ್ಟಿಲು, ಮದುವೆ, ಎಲ್ಲದರಲ್ಲೂ ಹೆಂಗಸರು ದಾರಿ ಕಟ್ಟಿ ಹೇಳಿಸುತ್ತಾರೆ. "ಒಡಪಿನಾಗ ಅಂದ ಹೆಸರಿಗೆ ದೋಷಿಲ್ಲ. ಅದ ಆಟ. ಆಟದಾಗ ಅನ್ನ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆಗ ತಿಳಿಯಿತು, ಇದು ಅವಳು ಹದಿನೈದು ದಿನ ಕೂತು ಹೊಸೆದ ಉಪಾಯ.

ನನಗೆ ಒಡಪು ಒಂದೂ ಬಾಯಿಪಾಠ ಇರಲಿಲ್ಲ. ಹೆಂಗಸರ ತಲೆಗಳ ಮೇಲಿಂದ ನೋಡಿದೆ. ನಮ್ಮ ಮನೆಯವರು ಆಚೆ ನಿಂತಿದ್ದರು. ಮುಖದ ಊತ ಇಳಿದಿತ್ತು, ಒಂದು ಕಿವಿ ಮಾತ್ರ ಇನ್ನೂ ದಪ್ಪಗಿತ್ತು. ಯಾಕೋ ನಗೆ ಬಂತು. ನಗುತ್ತಲೇ ಬಾಯಿ ತೆರೆದೆ:

"ಕಲ್ಲಿನ ಸಂದ್ಯಾಗ ಬೆಳದಾವ ಕವಳಿಹಣ್ಣ, ಬೆಂಕಿ ಆರಿಸಿ ಬರತಾರ ಮಾರಿ ತುಂಬ ಮಸಿಬಣ್ಣ, ನಕ್ಕರ ಬೆಳ್ಳಗ ಕಾಣತಾವ ಹಲ್ಲಷ್ಟ, ನಮ್ಮ ಅಡಿವೆಪ್ಪಗ ನಾನಂದ್ರ ಬಾಳ ಇಷ್ಟ!"

ಹೇಳಿಬಿಟ್ಟಿದ್ದೆ! ಕಾಡೆಲ್ಲ ಹೋ ಎಂದಿತು. ಹಲಗೆ ಮೊಳಗಿತು. ಹೆಂಗಸರು ನನ್ನನ್ನು ಎತ್ತಿ ಕುಣಿಸಿದರು. ಆಚೆಯಿಂದ ನಮ್ಮ ಮನೆಯವರು "ಓ..." ಎಂದು ಉದ್ದಕ್ಕೆ ಓಗೊಟ್ಟರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಿಂತೇ ಇದ್ದರು, ಬದುಕಿಯೇ ಇದ್ದರು. ನನಗೆ ಕುಣಿಯುವುದೊಂದು ಬಾಕಿ.

"ಎಲಿ ಎಲ್ಲೈತ್ರಬೇ?" ಎಂದರು ತಿಪ್ಪಣ್ಣ ಕಾಕಾ.

ಎಲ್ಲರೂ ನೆಲ ನೋಡಿದೆವು. ಎಲೆ ಬಿದ್ದಿರಲಿಲ್ಲ. ಒಡಪು ಗಂಡನದಾಗಿತ್ತು, ಗಂಡ ಓಗೊಟ್ಟಿದ್ದ. ಮರವನ್ನು ಯಾರು ಕರೆದಿದ್ದರು? ಮರವನ್ನು ನೋಡದೆ, ಗಂಡನ ಮುಖ ನೋಡುತ್ತ ನಾನು ಒಡಪು ಹೇಳಿದ್ದೆ. ನೆರಳು ನೋಡಿದರೆ ಮೊಳದಷ್ಟೂ ಉಳಿದಿಲ್ಲ. ಹಲಗೆ ನಿಂತಿತು. ನಿಂತ ಕೂಡಲೇ ಕೆಳಗಿನಿಂದ ಒಂದು ಸದ್ದು ಕೇಳಿತು, ಒದ್ದೆ ಹಗ್ಗ ಬಿಗಿಯುವಾಗ ಬರುತ್ತದಲ್ಲ, ಅಂಥದ್ದು. ಬುಡದ ಮಣ್ಣು ಉಬ್ಬಿತು. ಎಮ್ಮೆಯ ಬೆನ್ನಿನಷ್ಟು ದಪ್ಪದ ಬೇರೊಂದು ಮಣ್ಣು ಕೊಡವಿ ಮೇಲೆದ್ದಿತು. ಒರತೆಯ ನೀರು ಕೆಂಪಾಯಿತು. ಗಾಳಿಯಿಲ್ಲದಿದ್ದರೂ ಮೂವತ್ತಮೂರು ಸಸಿಗಳು ಒಂದೇ ಕಡೆ, ಗುಡ್ಡದಾಚೆಗೆ ವಾಲಿದವು.

ಮಂದಿ ಚೀರಿ ಹಿಂದೆ ಸರಿದರು. ನಾನು ಮುಂದೆ ಓಡಿದೆ. ಆಗ ಅಂಜಿಕೆ ಎಲ್ಲಿ ಹೋಯಿತೋ ಕಾಣೆ. ಮರದ ಎದುರು ನಿಂತು, ಬದುವಿನ ಮೇಲಿನ ಎಮ್ಮೆಯನ್ನು ಕರೆದದ್ದಕ್ಕಿಂತ ಹತ್ತು ಪಟ್ಟು ಗಂಟಲಿನಿಂದ, "ಅಡಿವೆಪ್ಪಾ!" ಎಂದೆ. ಆಟವಿಲ್ಲ, ಪ್ರಾಸವಿಲ್ಲ, ಬರೀ ಹೆಸರು. ಎಲೆ ಬೀಳಲಿಲ್ಲ. ಇನ್ನೊಂದು ಬೇರು ಎದ್ದಿತು. "ಅಡಿವೆಪ್ಪಾ! ಎರಡ ಅಮಾಸಿ ನಿನ್ನ ಕರೀಲಿಲ್ಲ. ಕರದೆ ಅಂತ ಸುಳ್ಳ ಹೇಳಿದೆ. ನೆಲದ ಮ್ಯಾಲಿನ ಎಲಿ ಆರಿಸಿ ಊರಿಗೆ ಮೋಸ ಮಾಡಿದೆ. ತಪ್ಪ ನಂದು, ನೀರ ಕುಡಿಯವರದಲ್ಲ. ಹೋಗಬ್ಯಾಡ!" ಟೊಂಗೆಗಳು ಅಲುಗಾಡಿದವು, ಅಷ್ಟೇ. ನನ್ನ ಧ್ವನಿ ಸೀಳಿತು. ಅತ್ತೆ ಬಂದು ನನ್ನ ಪಕ್ಕದಲ್ಲಿ ನಿಂತರು. ಅವರ ಬಾಯಿ ಅದೇ ಹೆಸರಿನ ಆಕಾರಕ್ಕೆ ತೆರೆದು ಮುಚ್ಚುತ್ತಿತ್ತು, ಸದ್ದು ಮಾತ್ರ ಇಲ್ಲ. ಕಣ್ಣಲ್ಲಿ ನೀರು. ಅವರು ಹಿಂದೆ ತಿರುಗಿ ಹುಸೇನಬಿ ಅಕ್ಕನನ್ನು ನೋಡಿದರು. ನೋಡಿ, ಎರಡೂ ಕೈಯನ್ನು ಮರದ ಕಡೆ ಚಾಚಿ, ಬಾ, ಕರಿ ಎಂದು ಸನ್ನೆ ಮಾಡಿದರು.

ಹುಸೇನಬಿ ಅಕ್ಕನ ಮುಖ ಬಿಳಿಚಿಕೊಂಡಿತು. ಒಂದೇ ಗಳಿಗೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ದಪದಪ ಬಂದಳು. "ಮಂದಿ ಗಿಡ ಕರ್‍ಯಾಕತ್ತೀನಿ, ಬೈಯವ್ರ ಬೈರಿ!" ಎಂದು ಊರಿಗೆ ಹೇಳಿ, ಮರದ ಕಡೆ ತಿರುಗಿ, "ಅಡಿವೆಪ್ಪಾ! ನಿನ್ನ ನೀರ ನಲವತ್ತ ವರ್ಷ ಕುಡದೀನಿ, ನಿಲ್ಲೋ!" ಎಂದು ಗುಡ್ಡ ನಡುಗುವಂತೆ ಕೂಗಿದಳು.

ಒಂದು ಎಲೆ ಬಿತ್ತು. ಅವಳ ಕಾಲಬುಡಕ್ಕೆ ಬಿತ್ತು!

"ಬಿತ್ತೋ!" ಎಂದು ತಿಪ್ಪಣ್ಣ ಕಾಕಾ ಹಾಜರಿ ಪುಸ್ತಕವನ್ನೇ ಮೇಲಕ್ಕೆ ಎಸೆದರು. ಎಸೆದು ತಾವೂ ಕರೆದರು, ಗಂಡಸರು ಕರೆಯಬಾರದೆಂಬುದನ್ನೂ ಮರೆತು. ಅವರಿಗೂ ಒಂದು ಎಲೆ. ಆಮೇಲೆ ತಡೆಯುವವರು ಯಾರು? ಆಡಿನವರು ಕರೆದರು, ಹಲಗೆಯವರು ಕರೆದರು, ಗಂಡನ ಅಣ್ಣನ ಹೆಸರೂ ಹೇಳದ ಸೊಸೆಯಂದಿರು ಕರೆದರು, ಮಾತು ಬಾರದ ಕೂಸುಗಳು ಬರೀ ಅಪ್ಪಾ ಅಪ್ಪಾ ಎಂದವು. ನೂರಾ ಹನ್ನೆರಡು ಮನೆಯ ಧ್ವನಿ ಒಂದಾಗಿ ಆ ಹೆಸರು ಕಾಡಿನಲ್ಲಿ ಮೊಳಗಿತು. ಎಲೆಗಳು ಸುರಿದವು ನೋಡಿ! ಒಬ್ಬೊಬ್ಬರಿಗೆ ಒಂದೊಂದು, ಒಂದರ ಹಿಂದೆ ಒಂದು, ಹಸಿಹಸಿ ಎಲೆ, ತಲೆಯ ಮೇಲೆ, ಹೆಗಲ ಮೇಲೆ, ಗುಗ್ಗರಿಯ ಹರಿವಾಣದಲ್ಲಿ. ನಾನೂ ಕರೆಯುತ್ತಲೇ ಇದ್ದೆ. ನನ್ನ ಕಾಲ ಮೇಲೂ ತಣ್ಣಗೆ ಒಂದು ಬಂದು ಕೂತಿತು. ಬೇರುಗಳು ನಿಧಾನ ಮಣ್ಣಿಗಿಳಿದವು. ಸಸಿಗಳು ನೆಟ್ಟಗಾದವು. ಒರತೆ ಎರಡು ಸಲ ಗುಳುಗುಳು ಎಂದು ತಿಳಿನೀರು ಕಕ್ಕಿತು.

ನಾನು ಅತ್ತೆಯನ್ನು ತಬ್ಬಿಕೊಂಡೆ. ಎಲ್ಲರೂ ಯಾರು ಸಿಕ್ಕರೆ ಅವರನ್ನು ತಬ್ಬಿಕೊಳ್ಳುತ್ತಿದ್ದರು. ಮತ್ತಿ ಇನ್ನು ಇಡೀ ಊರಿನದು, ನೂರಾ ಹನ್ನೆರಡು ಮನೆಯೂ ಕರೆಯಬೇಕು, ಸಸಿಗಳೂ ಹಾಗೆಯೇ ಎಂದು ಹುಸೇನಬಿ ಅಕ್ಕ ಅಲ್ಲಿಯೇ ನಿಂತು ಸಾರಿದಳು. ಯಾರೂ ಇಲ್ಲ ಎನ್ನಲಿಲ್ಲ. ನಾನು ನಗುತ್ತ ನಮ್ಮ ಮನೆಯವರಿಗಾಗಿ ಹಿಂದೆ ನೋಡಿದೆ.

ಅವರು ನಿಂತಿದ್ದ ಜಾಗದಲ್ಲಿ ಅವರಿರಲಿಲ್ಲ. ತೊಟ್ಟಿಲ ಹತ್ತಿರ ಇರಲಿಲ್ಲ, ಒರತೆಯ ಹತ್ತಿರ ಇರಲಿಲ್ಲ. ಯಾರನ್ನು ಕೇಳಿದರೂ ಈಗ ಇಲ್ಲಿಯೇ ಇದ್ದರಲ್ಲ ಎಂದರು. ಎಷ್ಟು ಸಲ ಅಂದಿದ್ದೆ ನಾನು ಆ ಹೆಸರನ್ನು! ಅವ್ವ ಒಂದೇ ಸಲ ಅಂದಿದ್ದಳು. ಆಸ್ಪತ್ರೆಯ ಚೀಟಿಯ ಕಿಟಕಿ, ಅವ್ವನ ಬಾಯಿಗೆ ಅಡ್ಡವಾಗಿದ್ದ ಸೆರಗು ಕಣ್ಣ ಮುಂದೆ ಬಂದವು. ಗುಂಪಿನ ಸಂತೋಷದ ನಡುವೆ ನಿಂತು, ಮರವನ್ನಲ್ಲ, ಆ ಮನುಷ್ಯನನ್ನೇ ಕರೆದೆ. "ಅಡಿವೆಪ್ಪಾ!"

ಉತ್ತರವಿಲ್ಲ. ಒಂದೊಂದೇ ಧ್ವನಿ ಅಡಗಿತು.

"ಅಡಿವೆಪ್ಪಾ..."

ಮರದ ಆಚೆ ಬದಿಗೆ ದೊಡ್ಡ ಬೇರಿನ ಬುಡದಲ್ಲಿ ಎಲೆಗಳ ರಾಶಿ ಬಿದ್ದಿತ್ತು. ಅದು ಅಲುಗಾಡಿತು. ಮೊದಲು ಒಂದು ದಪ್ಪ ಕಿವಿ, ಆಮೇಲೆ ಮಣ್ಣು ಮೆತ್ತಿದ ಮುಖ ಹೊರಬಂತು. ಅವರು ಹೊಟ್ಟೆಯ ಮೇಲೆ ಮಲಗಿ, ಎದ್ದು ಹೊರಟ ಆ ಬೇರನ್ನು ಎರಡೂ ತೋಳಿನಿಂದ ಅವುಚಿ ಹಿಡಿದಿದ್ದರು. ಒಬ್ಬ ಮನುಷ್ಯ ಹಿಡಿದರೆ ಅಂಥ ಮರ ನಿಲ್ಲುತ್ತದೆಯೇ? ಆದರೂ ಹಿಡಿದಿದ್ದರು, ಇನ್ನೂ ಬಿಟ್ಟಿರಲಿಲ್ಲ.

"ಓ" ಎಂದರು ಬಾಯೊಳಗಿನ ಮಣ್ಣು ಉಗುಳಿ. ನಾನು ಹೋಗಿ ಪಕ್ಕದಲ್ಲಿ ಕೂತೆ. ಸೆರಗಿನಿಂದ ಮುಖದ ಮಣ್ಣು ಒರೆಸಿದೆ.

"ಓ ಅಂದೆನಲ್ಲ, ಮತ್ತೇನ?" ಎಂದರು.

ಏನೂ ಇರಲಿಲ್ಲ. ನಾನು ಸುಮ್ಮನೆ ಇನ್ನೊಂದು ಸಲ ಕರೆದೆ.